‘ಕ್ಲಿಯರ್ಲಿ’ ಎಂಬ ಪದದ ಪೂರ್ವೋತ್ತರ

ಇಂಗ್ಲಿಷ್ ಕಲಿಯುವ ಬಾಲಕರಿಗೆ ಮೊದಮೊದಲೇ ಪರಿಚಯವಾಗುವ ಕ್ರಿಯಾವಿಶೇಷಣಗಳಲ್ಲಿ ‘ಕ್ಲಿಯರ್ಲಿ’ ಎಂಬುದೂ ಒಂದು. ಅರ್ಜಿಯ ನಮೂನೆಯಲ್ಲಿ ಹೆಸರು ಬರೆಯಬೇಕಾದ ಗೆರೆಯ ಪಕ್ಕದಲ್ಲಿ ಅದು ಇರುತ್ತದೆ. ಪರೀಕ್ಷೆಯ ಸೂಚನೆಗಳಲ್ಲಿ ಇರುತ್ತದೆ. ಗದ್ಯಪಾಠಗಳಲ್ಲಿಯೂ ಆಗಾಗ ಕಾಣಿಸಿಕೊಳ್ಳುತ್ತದೆ. ಉಪಾಧ್ಯಾಯರಾದ ನಾವು ಕರಿಹಲಗೆಯ ಮೇಲೆ ಅದರ ಎದುರಿಗೆ ‘ಸ್ಪಷ್ಟವಾಗಿ’ ಎಂದು ಬರೆದು ಮುಂದಿನ ಪದಕ್ಕೆ ಹೋಗುತ್ತೇವೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಈ ಪದದ ಹಿಂದೆ ಎರಡು ಸಾವಿರ ವರ್ಷಗಳಿಗೂ ಮಿಕ್ಕಿದ ಚರಿತ್ರೆಯಿದೆ. ಆ ಚರಿತ್ರೆಯನ್ನು ಒಂದಿಷ್ಟು ಅರಿತರೆ, ಪಾಠ ಹೇಳುವಾಗ ನಾವೇ ದಿನವೂ ಬಳಸುವ ‘ಇದು ಸ್ಪಷ್ಟ’ ಎಂಬ ಮಾತನ್ನು ಸ್ವಲ್ಪ ನಿಂತು ಯೋಚಿಸಬೇಕಾಗುತ್ತದೆ. ಪ್ರಕೃತ ಲೇಖನದ ಉದ್ದೇಶವು ಇಷ್ಟೇ.

ಪದದ ಹುಟ್ಟು

‘ಕ್ಲಿಯರ್’ ಎಂಬ ಗುಣವಾಚಕವು ಮೂಲತಃ ಇಂಗ್ಲಿಷಿನದಲ್ಲ. ಅದರ ತಾಯಿಬೇರು ಲ್ಯಾಟಿನ್ ಭಾಷೆಯ ‘ಕ್ಲಾರುಸ್’. ಈ ಲ್ಯಾಟಿನ್ ಪದಕ್ಕೆ ಬೆಳಗುವ, ಕಣ್ಣಿಗೆ ನಿಚ್ಚಳವಾಗಿ ಕಾಣುವ, ಕಿವಿಗೆ ಚೆನ್ನಾಗಿ ಕೇಳುವ, ಪ್ರಸಿದ್ಧವಾದ ಎಂಬ ನಾಲ್ಕೂ ಅರ್ಥಗಳಿದ್ದವು. ಭಾಷಾಶಾಸ್ತ್ರಜ್ಞರು ಇದನ್ನು ‘ಕೂಗು, ಕರೆ’ ಎಂಬ ಅರ್ಥದ ಧಾತುವಿಗೆ ಸಂಬಂಧಿಸಿದ್ದೆಂದು ಹೇಳುತ್ತಾರೆ. ಹಾಗಾದರೆ ಸ್ಪಷ್ಟತೆಯ ಈ ಪದ ಮೊದಲು ಹುಟ್ಟಿದ್ದು ಕಣ್ಣಿಗಾಗಿ ಅಲ್ಲ, ಕಿವಿಗಾಗಿ. ನಮ್ಮ ಮದುವೆಯ ಮೆರವಣಿಗೆಗಳ ಬ್ಯಾಂಡಿನಲ್ಲಿ ಎಲ್ಲ ವಾದ್ಯಗಳ ಗದ್ದಲವನ್ನೂ ಮೀರಿ ಕೇಳಿಸುವ ಕ್ಲಾರಿನೆಟ್ ವಾದ್ಯದ ಹೆಸರು ಇದೇ ಬೇರಿನಿಂದ ಬಂದುದು. ‘ಸಾರಿ ಹೇಳು’ ಎಂಬ ಅರ್ಥದ ‘ಡಿಕ್ಲೇರ್’ ಎಂಬ ಕ್ರಿಯಾಪದವೂ ಇದೇ ಮನೆತನದ್ದು.

ಲ್ಯಾಟಿನ್ನಿನಿಂದ ಈ ಪದ ಹಳೆಯ ಫ್ರೆಂಚಿಗೆ ಇಳಿದು, ಫ್ರೆಂಚಿನಿಂದ ಇಂಗ್ಲೆಂಡಿಗೆ ಬಂದಿತು. ೧೦೬೬ರಲ್ಲಿ ನಾರ್ಮಂಡಿಯ ದೊರೆ ವಿಲಿಯಮನು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ, ನ್ಯಾಯಸ್ಥಾನ, ದೊಡ್ಡವರ ಮನೆಗಳಲ್ಲಿ ಫ್ರೆಂಚ್ ನುಡಿ ನೆಲೆಗೊಂಡಿತು. ಹದಿಮೂರನೆಯ ಶತಮಾನ ಮುಗಿಯುವ ಹೊತ್ತಿಗೆ ‘ಕ್ಲಿಯರ್’ ಇಂಗ್ಲಿಷ್ ಬರವಣಿಗೆಯಲ್ಲಿ ಕಾಣಿಸಿಕೊಂಡಿತು. ‘ಕ್ಲಿಯರ್ಲಿ’ಯೂ ಅದರ ಬೆನ್ನಿಗೇ ಬಂದಿತು. ಇದಕ್ಕೆ ಮೊದಲು ಇಂಗ್ಲಿಷರಿಗೆ ‘ಸ್ಪಷ್ಟವಾಗಿ’ ಎಂದು ಹೇಳಲು ಪದವಿರಲಿಲ್ಲವೆಂದಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಸ್ವೆಯೊತೊಲೆ’ ಎಂಬ ಅಚ್ಚ ದೇಶೀಪದವಿತ್ತು. ಅದು ಕ್ರಮೇಣ ಮರೆಯಾಯಿತು. ದೊರೆಗಳ ಪದ ಉಳಿಯಿತು; ಮನೆಯ ಪದ ಅಳಿಯಿತು.

ಆ ಕಾಲದ ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ೧೩೬೨ರಲ್ಲಿ ಮೂರನೆಯ ಎಡ್ವರ್ಡನ ಆಳ್ವಿಕೆಯಲ್ಲಿ ಒಂದು ಶಾಸನವಾಯಿತು. ನ್ಯಾಯಸ್ಥಾನಗಳಲ್ಲಿ ವಾದವು ಫ್ರೆಂಚಿನಲ್ಲಿ ನಡೆಯುವುದರಿಂದ ಕಕ್ಷಿಗಾರರಿಗೆ ತಮ್ಮ ಪರವಾಗಿ ಏನು ಹೇಳಲಾಯಿತು, ತಮಗೆ ವಿರುದ್ಧವಾಗಿ ಏನು ಹೇಳಲಾಯಿತು ಎಂಬುದು ತಿಳಿಯುವುದಿಲ್ಲ. ಆದಕಾರಣ ಇನ್ನು ಮುಂದೆ ವಾದವು ಇಂಗ್ಲಿಷಿನಲ್ಲಿ ನಡೆಯತಕ್ಕದ್ದು ಎಂಬುದು ಅದರ ತಾತ್ಪರ್ಯ. ವಿಚಿತ್ರವೆಂದರೆ ಆ ಶಾಸನವನ್ನು ಬರೆದುದೂ ಫ್ರೆಂಚಿನಲ್ಲಿಯೇ. ದಾಖಲೆಗಳು ಲ್ಯಾಟಿನ್ನಿನಲ್ಲಿಯೇ ಮುಂದುವರಿದವು. ಇಂಗ್ಲೆಂಡಿನ ನ್ಯಾಯಸ್ಥಾನಗಳ ದಾಖಲೆಗಳು ಪೂರ್ತಿಯಾಗಿ ಇಂಗ್ಲಿಷಿಗೆ ಬಂದುದು ೧೭೩೩ರಲ್ಲಿ. ವಕೀಲನ ಫ್ರೆಂಚ್ ವಾದ ವಕೀಲನಿಗೆ ಸ್ಪಷ್ಟವಾಗಿಯೇ ಇತ್ತು, ನ್ಯಾಯಾಧೀಶನಿಗೂ ಸ್ಪಷ್ಟವಾಗಿತ್ತು. ಅಸ್ಪಷ್ಟವಾಗಿದ್ದುದು ಯಾರ ಹೊಲಮನೆಗಳ ಮಾತು ಅಲ್ಲಿ ನಡೆಯುತ್ತಿತ್ತೋ ಆತನಿಗೆ ಮಾತ್ರ.

ಬಾಲದಲ್ಲಿರುವ ಪ್ರತ್ಯಯ

‘ಕ್ಲಿಯರ್’ ಪರದೇಶದ್ದಾದರೂ ಅದರ ಬಾಲದಲ್ಲಿರುವ ‘ಲಿ’ ಎಂಬ ಪ್ರತ್ಯಯ ಇಂಗ್ಲಿಷಿನ ಸ್ವಂತದ್ದು. ಹಳೆಯ ಇಂಗ್ಲಿಷಿನಲ್ಲಿ ಅದರ ರೂಪ ‘ಲೀಚೆ’. ಅದರ ಹಿಂದೆ ಇರುವುದು ‘ಲೀಚ್’, ಎಂದರೆ ಒಡಲು, ದೇಹ. ಇಂಗ್ಲೆಂಡಿನ ಹಳೆಯ ಚರ್ಚುಗಳ ಅಂಗಳದ ಬಾಗಿಲಿಗೆ ಈಗಲೂ ‘ಲಿಚ್ ಗೇಟ್’ ಎಂಬ ಹೆಸರಿದೆ. ಹೂಳುವುದಕ್ಕೆ ಮುಂಚೆ ಶವವನ್ನು ಇಳಿಸುತ್ತಿದ್ದ ಸ್ಥಳವದು. ಹೀಗೆ ‘ಕ್ಲಿಯರ್ಲಿ’ ಎಂದರೆ ಮೂಲದಲ್ಲಿ ‘ತಿಳಿಯಾದ ಒಡಲಿನಿಂದ’, ‘ತಿಳಿಯಾದ ರೂಪದಲ್ಲಿ’ ಎಂದಂತೆ.

ಫ್ರೆಂಚರೂ ಇಟಾಲಿಯನ್ನರೂ ಬೇರೆ ದಾರಿ ಹಿಡಿದರು. ಅವರ ‘ಕ್ಲೇರ್‌ಮಾಂ’, ‘ಕಿಯಾರಮೆಂತೆ’ ಎಂಬ ಪದಗಳ ಕೊನೆಯಲ್ಲಿರುವುದು ಲ್ಯಾಟಿನ್ನಿನ ‘ಮೆಂತೆ’, ಎಂದರೆ ‘ಮನಸ್ಸಿನಿಂದ’. ‘ತಿಳಿಯಾದ ಮನಸ್ಸಿನಿಂದ’ ಎಂಬುದೇ ಅವರ ಕ್ರಿಯಾವಿಶೇಷಣ. ನಮ್ಮ ಕನ್ನಡದಲ್ಲಾದರೋ ‘ಸ್ಪಷ್ಟ’ಕ್ಕೆ ‘ಆಗಿ’ ಸೇರುತ್ತದೆ. ‘ಆಗಿ’ ಎಂಬುದು ‘ಆಗು’ ಧಾತುವಿನ ಭೂತನ್ಯೂನ ರೂಪ. ಇಂಗ್ಲಿಷರಿಗೆ ಸ್ಪಷ್ಟತೆ ಮಾತಿನ ಒಡಲು. ಫ್ರೆಂಚರಿಗೆ ಆಡುವವನ ಮನಸ್ಸು. ನಮಗೆ ಅದೊಂದು ಆಗುವ ಕ್ರಿಯೆ. ಮೊದಲು ಇಲ್ಲದ್ದು ಆಮೇಲೆ ಆಗಬೇಕು. ಆಗುವಂತೆ ಯಾರಾದರೂ ಮಾಡಬೇಕು. ವ್ಯಾಕರಣದ ಈ ಚಿಕ್ಕ ವ್ಯತ್ಯಾಸವನ್ನು ಮೇಲಿನ ತರಗತಿಯ ಮಕ್ಕಳಿಗೆ ತೋರಿಸಿಕೊಟ್ಟರೆ ಅವರಿಗೆ ಮೂರು ಭಾಷೆಗಳ ರಚನೆಯಲ್ಲಿಯೂ ಕುತೂಹಲ ಹುಟ್ಟುವುದು.

ನಮ್ಮ ನುಡಿಯಲ್ಲಿ ಸ್ಪಷ್ಟತೆ

‘ಸ್ಪಷ್ಟ’ ಎಂಬುದು ಸಂಸ್ಕೃತದಿಂದ ಬಂದುದು. ಇದರ ಧಾತು ‘ಸ್ಪಶ್’, ನೋಡು ಎಂದರ್ಥ. ಲ್ಯಾಟಿನ್ನಿನಲ್ಲಿ ಈ ಧಾತುವಿನ ಒಡಹುಟ್ಟಾದ ‘ಸ್ಪೆಕ್’ ಎಂಬುದಿದೆ. ಅದರಿಂದ ‘ಇನ್‌ಸ್ಪೆಕ್ಟರ್’ ಎಂಬ ಪದ ಹುಟ್ಟಿತು. ಶಾಲೆಗಳನ್ನು ತನಿಖೆ ಮಾಡಲು ಬರುವ ಇನ್‌ಸ್ಪೆಕ್ಟರ್ ಸಾಹೇಬರೂ ನಾವು ಕರಿಹಲಗೆಯ ಮೇಲೆ ಬರೆಯುವ ‘ಸ್ಪಷ್ಟ’ವೂ ಹೀಗೆ ಒಂದೇ ಮನೆತನದವರೆಂದು ತಿಳಿದರೆ ನಮ್ಮ ಉಪಾಧ್ಯಾಯ ಬಂಧುಗಳಿಗೆ ಕೊಂಚ ನಗು ಬಂದೀತು. ‘ಸ್ಫುಟ’ ಎಂಬ ಇನ್ನೊಂದು ಪದದ ಧಾತುವಿಗೆ ಬಿರಿ, ಒಡೆ ಎಂದರ್ಥ. ‘ಸ್ವಲ್ಪ ಒಡೆದು ಹೇಳಿ’ ಎಂದು ಹಳ್ಳಿಯ ಮುದುಕರು ಕೇಳುವಾಗ ಅವರು ಸಂಸ್ಕೃತವನ್ನು ಓದದೆಯೇ ಅದೇ ಭಾವವನ್ನು ನುಡಿಯುತ್ತಿರುತ್ತಾರೆ.

ಆದರೆ ಅಚ್ಚಗನ್ನಡದ ‘ತಿಳಿ’ ಎಂಬ ಪದವೇ ಇವೆಲ್ಲಕ್ಕಿಂತ ಮೇಲಾದುದೆಂದು ನಮಗೆ ತೋರುತ್ತದೆ. ಬಗ್ಗಡವಿಲ್ಲದ ನೀರು ತಿಳಿನೀರು. ಸಾರಿನ ಮೇಲೆ ನಿಲ್ಲುವುದು ತಿಳಿ. ಮೋಡವಿಲ್ಲದ ಬಾನು ತಿಳಿಬಾನು. ಅದೇ ಪದ ಕ್ರಿಯಾಪದವಾದಾಗ ಅರಿಯುವುದು ಎಂದಾಗುತ್ತದೆ: ‘ನನಗೆ ತಿಳಿಯಿತು.’ ನೀರು ತಿಳಿಯಾಗುವುದಕ್ಕೂ ಮನಸ್ಸಿಗೆ ತಿಳಿಯುವುದಕ್ಕೂ ಕನ್ನಡ ಒಂದೇ ಮಾತನ್ನು ಇಟ್ಟುಕೊಂಡಿದೆ. ಸಂಸ್ಕೃತ ಅಲಂಕಾರಶಾಸ್ತ್ರದ ‘ಪ್ರಸಾದ’ ಎಂಬ ಗುಣದ ಹಿಂದಿರುವುದೂ ಕೆಸರು ತಳಕ್ಕಿಳಿದು ನೀರು ತಿಳಿಯಾಗುವ ಭಾವವೇ. ದಂಡಿಯು ಹೇಳಿದ ಹತ್ತು ಕಾವ್ಯಗುಣಗಳಲ್ಲಿ ‘ಪ್ರಸಾದ’, ‘ಅರ್ಥವ್ಯಕ್ತಿ’ ಎಂಬೆರಡೂ ಸ್ಪಷ್ಟತೆಗೆ ಸಂಬಂಧಿಸಿದವು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ದಂಡಿಯನ್ನು ಅನುಸರಿಸಿ ಈ ಗುಣಗಳ ವಿಚಾರವನ್ನು ಕನ್ನಡಕ್ಕೆ ತಂದಿತು. ಇಂಗ್ಲಿಷಿನಲ್ಲಿ ‘ಕ್ಲಿಯರ್ಲಿ’ ಹುಟ್ಟುವುದಕ್ಕೆ ನಾನ್ನೂರು ವರ್ಷಗಳಿಗೆ ಮೊದಲೇ ನಮ್ಮವರು ತಿಳಿಯಾಗಿ ಹೇಳುವುದು ಹೇಗೆಂಬುದನ್ನು ಶಾಸ್ತ್ರವಾಗಿ ಚರ್ಚಿಸಿದ್ದರು.

ಈ ಎರಡು ಭಾಷೆಗಳನ್ನೂ ಎದುರುಬದುರಾಗಿ ನಿಲ್ಲಿಸಿದವರು ಹತ್ತೊಂಬತ್ತನೆಯ ಶತಮಾನದ ನಿಘಂಟುಕಾರರು. ಬಳ್ಳಾರಿಯಲ್ಲಿದ್ದ ಪಾದ್ರಿ ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ನಿಘಂಟು ೧೮೨೪ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಹೊರಬಂದಿತು. ಅಂದಿನ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ೧೯೫೩ರಲ್ಲಿ ಆಂಧ್ರ ರಾಜ್ಯಕ್ಕೆ ಹೋದವು. ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ೧೯೫೬ರಲ್ಲಿ ಕೇರಳಕ್ಕೆ ಸೇರಿತು. ಕನ್ನಡಕ್ಕೂ ಇಂಗ್ಲಿಷಿಗೂ ಸೇತುವೆ ಕಟ್ಟಿದ ಆ ಎರಡು ಸೀಮೆಗಳ ಒಂದೊಂದು ಭಾಗ ಇಂದು ಗಡಿಯಾಚೆ ಇದೆ. ಅಲ್ಲಿಯ ಕನ್ನಡ ಶಾಲೆಗಳವರಿಗೆ ಎರಡು ನುಡಿಗಳ ನಡುವೆ ಅರ್ಥವನ್ನು ಒಯ್ಯುವ ಕೆಲಸ ಹೊಸದಲ್ಲ.

ಪದ ಶಾಸ್ತ್ರವನ್ನು ಹೊಕ್ಕುದು

ಹದಿನೇಳನೆಯ ಶತಮಾನದ ಯೂರೋಪಿನಲ್ಲಿ ಸ್ಪಷ್ಟತೆಗೆ ಹೊಸ ಗೌರವ ಬಂದಿತು. ಫ್ರಾನ್ಸಿನ ತತ್ತ್ವಜ್ಞಾನಿ ಡೇಕಾರ್ಟನು ೧೬೩೭ರಲ್ಲಿ ತನ್ನ ಮೊದಲ ಗ್ರಂಥವನ್ನು ಪಂಡಿತರ ಲ್ಯಾಟಿನ್ನಿನಲ್ಲಿ ಬರೆಯದೆ ಜನರ ಫ್ರೆಂಚಿನಲ್ಲಿ ಬರೆದನು. ಯಾವುದು ಮನಸ್ಸಿಗೆ ಸ್ಪಷ್ಟವಾಗಿಯೂ ವಿವಿಕ್ತವಾಗಿಯೂ ತೋರುವುದೋ ಅದನ್ನು ಮಾತ್ರ ಸತ್ಯವೆಂದು ಒಪ್ಪಬೇಕು ಎಂಬುದು ಅವನ ಮತ. ೧೬೪೪ರ ಗ್ರಂಥದಲ್ಲಿ ಅವನು ಇವೆರಡನ್ನೂ ಬೇರ್ಪಡಿಸಿ ಹೇಳಿದ್ದಾನೆ. ಗಮನವಿಟ್ಟ ಮನಸ್ಸಿನ ಎದುರಿಗೆ ತೆರೆದು ನಿಂತಿರುವುದು ಸ್ಪಷ್ಟ. ಬೇರೆ ಎಲ್ಲದರಿಂದಲೂ ಬಿಡಿಸಿಕೊಂಡು ನಿಂತಿರುವುದು ವಿವಿಕ್ತ. ನೋವು ಇದಕ್ಕೆ ಅವನು ಕೊಟ್ಟ ಉದಾಹರಣೆ. ನೋವಿದೆ ಎಂಬ ಅನುಭವ ಬಹಳ ಸ್ಪಷ್ಟ. ಆದರೆ ನೋಯುವ ಜಾಗದಲ್ಲಿ ನಿಜವಾಗಿ ಏನಿದೆ ಎಂಬುದು ವಿವಿಕ್ತವಲ್ಲ. ಸ್ಪಷ್ಟವಾಗಿ ತೋರಿದ್ದೆಲ್ಲ ಖಚಿತವಾಗಿ ತಿಳಿದಂತಲ್ಲ ಎಂಬ ಎಚ್ಚರಿಕೆ ಇದರಲ್ಲಿದೆ.

ಇಂಗ್ಲೆಂಡಿನಲ್ಲಿ ೧೬೬೦ರಲ್ಲಿ ಸ್ಥಾಪಿತವಾದ ರಾಯಲ್ ಸೊಸೈಟಿಯೂ ಈ ವಿಷಯವನ್ನು ಕೈಗೆತ್ತಿಕೊಂಡಿತು. ೧೬೬೭ರಲ್ಲಿ ಥಾಮಸ್ ಸ್ಪ್ರಾಟನು ಆ ಸಂಸ್ಥೆಯ ಚರಿತ್ರೆಯನ್ನು ಬರೆಯುತ್ತ, ಅಲ್ಲಿಯ ಸದಸ್ಯರು ಅಲಂಕಾರದ ಆಡಂಬರವನ್ನು ಬಿಟ್ಟು, ಪಂಡಿತರ ಭಾಷೆಗಿಂತ ಕುಶಲಕರ್ಮಿಗಳ, ಹಳ್ಳಿಗರ, ವ್ಯಾಪಾರಿಗಳ ಭಾಷೆಯನ್ನು ಮೇಲೆಂದು ಬಗೆಯುತ್ತಾರೆಂದು ಹೇಳಿದನು. ಸ್ಪಷ್ಟವಾಗಿ ಬರೆಯುವುದು ಅಂದಿನಿಂದ ವಿಜ್ಞಾನದ ನಡತೆಯ ಒಂದು ಭಾಗವಾಯಿತು.

ಪದದ ಎರಡು ಕೆಲಸಗಳು

ಇಲ್ಲಿಯವರೆಗೆ ನೋಡಿದುದು ಪದದ ಒಂದು ಕೆಲಸ: ನೋಡುವ, ಹೇಳುವ, ಬರೆಯುವ ಕ್ರಿಯೆ ಯಾವ ರೀತಿಯಲ್ಲಿ ನಡೆಯಿತೆಂಬುದನ್ನು ತಿಳಿಸುವುದು. ‘ದ ಬಾಯ್ ಆನ್ಸರ್ಡ್ ಕ್ಲಿಯರ್ಲಿ’ ಎಂದರೆ ಹುಡುಗನು ಸ್ಪಷ್ಟವಾಗಿ ಉತ್ತರ ಹೇಳಿದನು. ಇದೇ ಪದವನ್ನು ವಾಕ್ಯದ ಮೊದಲಿಗೆ ತಂದು ‘ಕ್ಲಿಯರ್ಲಿ, ದ ಬಾಯ್ ಆನ್ಸರ್ಡ್’ ಎಂದರೆ ಅರ್ಥವೇ ಬೇರೆ: ಹುಡುಗನು ಉತ್ತರ ಹೇಳಿದನೆಂಬುದು ಸ್ಪಷ್ಟ. ಅವನು ತೊದಲಿ ಹೇಳಿರಲೂಬಹುದು. ಈಗ ಸ್ಪಷ್ಟವಾಗಿರುವುದು ಹುಡುಗನ ಉತ್ತರವಲ್ಲ. ವಾಕ್ಯ ನುಡಿದವನ ನಿಶ್ಚಯ. ಪದವು ನಡುವೆ ಬಂದು ‘ದ ಬಾಯ್ ಕ್ಲಿಯರ್ಲಿ ಆನ್ಸರ್ಡ್’ ಎಂದಾದರೆ ಎರಡು ಅರ್ಥಗಳಿಗೂ ಎಡೆಯುಂಟು. ಸ್ಪಷ್ಟತೆಯನ್ನು ಹೇಳುವ ಪದವೇ ಇಲ್ಲಿ ಅಸ್ಪಷ್ಟತೆಗೆ ಕಾರಣವಾಗುತ್ತದೆ.

ಮಕ್ಕಳಿಗೆ ಈ ಭೇದವನ್ನು ತೋರಿಸಲು ನಿಷೇಧವಾಕ್ಯವು ಒಳ್ಳೆಯ ಉಪಾಯ. ‘ಅವನು ಸ್ಪಷ್ಟವಾಗಿ ಮಾತನಾಡಲಿಲ್ಲ’ ಎಂದರೆ ಮಾತನಾಡಿದನು, ಆದರೆ ಮಾತು ಸ್ಪಷ್ಟವಾಗಿರಲಿಲ್ಲ. ‘ಅವನು ಮಾತನಾಡಲಿಲ್ಲವೆಂಬುದು ಸ್ಪಷ್ಟ’ ಎಂದರೆ ಮಾತೇ ಇಲ್ಲ. ಇಂಗ್ಲಿಷಿನಲ್ಲಿ ಈ ಎರಡಕ್ಕೂ ಒಂದೇ ಪದ, ಜಾಗ ಮಾತ್ರ ಬೇರೆ. ಕನ್ನಡದಲ್ಲಿ ವಾಕ್ಯದ ಕಟ್ಟಡವೇ ಬದಲಾಗಬೇಕು. ಇತ್ತೀಚಿನ ಕೆಲವು ಅನುವಾದಗಳಲ್ಲಿ ‘ಸ್ಪಷ್ಟವಾಗಿ, ಸರಕಾರವು ಸೋತಿದೆ’ ಎಂಬಂಥ ವಾಕ್ಯಗಳು ಬರುತ್ತಿವೆ. ಇದು ಕನ್ನಡದ ಜಾಯಮಾನಕ್ಕೆ ಒಗ್ಗುವುದಿಲ್ಲ. ‘ಸರಕಾರವು ಸೋತಿದೆ ಎಂಬುದು ಸ್ಪಷ್ಟ’ ಎನ್ನುವುದೇ ನಮ್ಮ ರೀತಿ.

ನಮ್ಮ ರೀತಿಯಲ್ಲಿ ಇನ್ನೊಂದು ಲಾಭವೂ ಉಂಟು. ‘ಎಂಬುದು ಸ್ಪಷ್ಟ’ ಎಂದೊಡನೆ ಅದು ತಾನಾಗಿಯೇ ಒಂದು ಹೇಳಿಕೆಯಾಗುತ್ತದೆ. ಹೇಳಿಕೆಯಾದುದರಿಂದ ಕೇಳಿದವನು ಹಿಂದಿರುಗಿ ‘ಯಾರಿಗೆ ಸ್ಪಷ್ಟ?’ ಎಂದು ಕೇಳಬಹುದು. ಕನ್ನಡದಲ್ಲಿ ತಿಳಿಯುವುದಕ್ಕೂ ಅರ್ಥವಾಗುವುದಕ್ಕೂ ಸ್ಪಷ್ಟವಾಗುವುದಕ್ಕೂ ಚತುರ್ಥೀ ವಿಭಕ್ತಿ ಬೇಕು: ನನಗೆ ತಿಳಿಯಿತು, ನಿನಗೆ ಅರ್ಥವಾಯಿತು, ಅವಳಿಗೆ ಸ್ಪಷ್ಟವಾಯಿತು. ಇಂಗ್ಲಿಷಿನ ‘ಕ್ಲಿಯರ್ಲಿ’ ಈ ‘ಯಾರಿಗೆ’ ಎಂಬುದನ್ನು ನುಂಗಿಬಿಡುತ್ತದೆ. ನಮ್ಮ ಚರಿತ್ರೆಯ ಮುಂದಿನ ಭಾಗವೆಲ್ಲ ಹೀಗೆ ನುಂಗಿಹೋದ ಚತುರ್ಥಿಯ ಕಥೆ.

ಬೌಡಿಚ್ ಕಂಡ ಕಷ್ಟ

ಅಮೆರಿಕದ ಸೇಲಂ ಎಂಬ ಬಂದರಿನಲ್ಲಿ ೧೭೭೩ರಲ್ಲಿ ನಥಾನಿಯೆಲ್ ಬೌಡಿಚ್ ಎಂಬವನು ಹುಟ್ಟಿದನು. ಹತ್ತನೆಯ ವಯಸ್ಸಿಗೇ ಶಾಲೆ ಬಿಟ್ಟು ಪೀಪಾಯಿ ಮಾಡುವ ತಂದೆಯ ಕಸುಬಿಗೆ ಕೈಹಾಕಿದನು. ಆಮೇಲೆ ಹಡಗಿನ ಸಾಮಾನು ಮಾರುವ ಅಂಗಡಿಯಲ್ಲಿ ದುಡಿದನು. ನ್ಯೂಟನ್ನನ ಗ್ರಂಥವನ್ನು ಓದಬೇಕೆಂದು ತಾನೇ ಲ್ಯಾಟಿನ್ ಕಲಿತನು. ೧೮೦೨ರಲ್ಲಿ ಅವನು ಪ್ರಕಟಿಸಿದ ನೌಕಾಯಾನದ ಕೈಪಿಡಿ ನಾವಿಕರ ನಚ್ಚಿನ ಪುಸ್ತಕವಾಯಿತು. ಆಮೇಲೆ ಅವನು ಕೈಹಾಕಿದುದು ಫ್ರಾನ್ಸಿನ ಮಹಾಗಣಿತಜ್ಞ ಲಾಪ್ಲಾಸನ ‘ಖಗೋಳ ಯಂತ್ರಶಾಸ್ತ್ರ’ ಎಂಬ ಗ್ರಂಥದ ಭಾಷಾಂತರಕ್ಕೆ. ಆ ಗ್ರಂಥದ ಮೊದಲ ನಾಲ್ಕು ಸಂಪುಟಗಳ ಇಂಗ್ಲಿಷ್ ರೂಪವು ೧೮೨೯ರಿಂದ ೧೮೩೯ರವರೆಗೆ ಹೊರಬಂದಿತು. ಕೊನೆಯ ಸಂಪುಟ ಬರುವುದಕ್ಕೆ ಮೊದಲು, ೧೮೩೮ರಲ್ಲಿ, ಬೌಡಿಚ್ ತೀರಿಕೊಂಡಿದ್ದನು.

ಲಾಪ್ಲಾಸನು ಬರೆಯುವಾಗ ಅನೇಕ ಹಂತಗಳನ್ನು ಬಿಟ್ಟು, ‘ಇದು ಸ್ಪಷ್ಟವಾಗಿ ತೋರುತ್ತದೆ’, ‘ಇದನ್ನು ಕಾಣುವುದು ಸುಲಭ’ ಎಂದು ಮುಂದೆ ಹೋಗುತ್ತಿದ್ದನು. ಅಂಥ ಮಾತು ಬಂದಾಗಲೆಲ್ಲ, ಅದು ಹೇಗೆ ಸ್ಪಷ್ಟವೆಂಬುದನ್ನು ಕಂಡುಹಿಡಿಯಲು ತನಗೆ ಗಂಟೆಗಟ್ಟಲೆ ಕಷ್ಟದ ಕೆಲಸ ಕಾದಿದೆಯೆಂದು ತಾನು ಅರಿತುಕೊಳ್ಳುತ್ತಿದ್ದೆನೆಂದು ಬೌಡಿಚ್ ಹೇಳಿದ ಮಾತು ಗಣಿತಜ್ಞರಲ್ಲಿ ಪ್ರಸಿದ್ಧವಾಗಿದೆ. ಅವನು ದೂರುತ್ತ ಕುಳಿತುಕೊಳ್ಳಲಿಲ್ಲ. ಬಿಟ್ಟುಹೋದ ಹಂತಗಳನ್ನೆಲ್ಲ ತಾನೇ ಮಾಡಿ, ಪುಟದ ಕೆಳಗೆ ಟಿಪ್ಪಣಿಯಾಗಿ ಕೊಟ್ಟನು. ಈ ಟಿಪ್ಪಣಿಗಳಿಂದ ಗ್ರಂಥದ ಗಾತ್ರ ಮೂಲದ ಎರಡು ಪಟ್ಟಿಗೂ ಮಿಕ್ಕಿತು. ‘ಸ್ಪಷ್ಟವಾಗಿ’ ಎಂಬ ಒಂದು ಪದ ಮುಚ್ಚಿಟ್ಟಿದ್ದ ದುಡಿಮೆ ಎಷ್ಟೆಂಬುದನ್ನು ಆ ಪುಟಗಳು ತೋರಿಸುತ್ತವೆ. ಲಾಪ್ಲಾಸನು ಸುಳ್ಳು ಹೇಳಿರಲಿಲ್ಲ. ಅವನಿಗೆ ಅದು ಸ್ಪಷ್ಟವಾಗಿಯೇ ಇತ್ತು. ಓದುವವನಿಗೆ ಇರಲಿಲ್ಲ.

ಬೆಟ್ಟದ ಮೇಲಿನವನೂ ಕಣಿವೆಯವನೂ

ಗಣಿತದಲ್ಲಿ ಇದರಿಂದ ಆಗುವ ನಷ್ಟ ಕೆಲವು ಗಂಟೆಗಳದು. ಯುದ್ಧದಲ್ಲಿ ಆದ ನಷ್ಟವನ್ನು ನೋಡೋಣ. ೧೮೫೪ನೆಯ ಅಕ್ಟೋಬರ್ ೨೫ರಂದು ಕ್ರಿಮಿಯಾದ ಬಾಲಕ್ಲಾವಾದಲ್ಲಿ ಬ್ರಿಟಿಷ್ ಸೇನಾಪತಿ ಲಾರ್ಡ್ ರಾಗ್ಲನ್ ಬೆಟ್ಟದ ಮೇಲೆ ನಿಂತಿದ್ದನು. ತುರ್ಕರ ನೆಲೆಗಳಲ್ಲಿ ತಾವು ಹಿಡಿದ ಫಿರಂಗಿಗಳನ್ನು ರಷ್ಯನ್ನರು ಸಾಗಿಸಿಕೊಂಡು ಹೋಗುವಂತೆ ಅವನಿಗೆ ಕಂಡಿತು. ಅಶ್ವದಳವು ಬೇಗನೆ ಮುಂದೆ ಸಾಗಿ ಫಿರಂಗಿಗಳನ್ನು ಒಯ್ಯದಂತೆ ಶತ್ರುವನ್ನು ತಡೆಯಬೇಕೆಂದು ಅವನು ಚೀಟಿ ಬರೆಸಿ ಕಳುಹಿಸಿದನು. ಕಣಿವೆಯಲ್ಲಿದ್ದ ಲಾರ್ಡ್ ಲೂಕನ್ನನಿಗೆ ಆ ಫಿರಂಗಿಗಳು ಕಾಣುತ್ತಿರಲಿಲ್ಲ. ಯಾವ ಶತ್ರು, ಯಾವ ಫಿರಂಗಿ ಎಂದು ಅವನು ಕೇಳಿದಾಗ, ಚೀಟಿ ತಂದ ಕ್ಯಾಪ್ಟನ್ ನೋಲನ್ ಕಣಿವೆಯ ಕಡೆಗೆ ಕೈಬೀಸಿ ತೋರಿಸಿದನು. ಸುಮಾರು ೬೭೦ ಸವಾರರು ಮೂರು ಕಡೆಯ ಗುಂಡಿನ ಮಳೆಯೊಳಗೆ ನುಗ್ಗಿದರು. ನೂರಕ್ಕೂ ಹೆಚ್ಚು ಮಂದಿ ಸತ್ತರು. ಅದಕ್ಕಿಂತಲೂ ಹೆಚ್ಚಿನವರು ಗಾಯಗೊಂಡರು. ಮೊದಲು ಸತ್ತವರಲ್ಲಿ ನೋಲನ್ನನೂ ಒಬ್ಬನು. ಅದೇ ವರ್ಷ ಟೆನಿಸನ್ ಕವಿ ಈ ಸಂಗತಿಯ ಮೇಲೆ ಬರೆದ ಪದ್ಯವನ್ನು ಇಂಗ್ಲಿಷ್ ಪಾಠಗಳಲ್ಲಿ ಓದಿದವರು ನಮ್ಮಲ್ಲಿ ಹಲವರಿದ್ದಾರೆ.

ಪದ್ಯವು ಸವಾರರ ಧೈರ್ಯವನ್ನು ಹೊಗಳುತ್ತದೆ. ನಾವು ಚೀಟಿಯನ್ನು ನೋಡಬೇಕು. ಅದರ ವ್ಯಾಕರಣದಲ್ಲಿ ದೋಷವಿಲ್ಲ, ಮಾತುಗಳು ಕಠಿಣವಲ್ಲ. ಬೆಟ್ಟದ ಮೇಲಿದ್ದವನಿಗೆ ಅದು ತಿಳಿನೀರಿನಂತೆ ಇತ್ತು. ಕಣಿವೆಯಲ್ಲಿ ನಿಂತವನಿಗೆ ಏನು ಕಾಣುತ್ತದೆ ಎಂಬುದನ್ನು ಬರೆಸಿದವನು ಎಣಿಸಲಿಲ್ಲ. ಸ್ಪಷ್ಟತೆ ಚೀಟಿಯೊಳಗೆ ಮಾತ್ರ ಇರುವ ಗುಣವಲ್ಲ. ಬರೆದವನು ನಿಂತ ಜಾಗಕ್ಕೂ ಓದುವವನು ನಿಂತ ಜಾಗಕ್ಕೂ ನಡುವೆ ಅದು ಆಗಬೇಕು.

ನ್ಯಾಯಸ್ಥಾನದಲ್ಲಿಯೂ ಕಚೇರಿಯಲ್ಲಿಯೂ

ಇಪ್ಪತ್ತನೆಯ ಶತಮಾನದಲ್ಲಿ ಈ ಪದವನ್ನು ಅಳತೆಗೆ ಒಳಪಡಿಸುವ ಪ್ರಯತ್ನಗಳು ನಡೆದವು. ಅಮೆರಿಕದ ಸಂಯುಕ್ತ ಸರಕಾರದ ನ್ಯಾಯಾಲಯಗಳಿಗೆ ೧೯೩೮ರಲ್ಲಿ ಜಾರಿಗೆ ಬಂದ ಸಿವಿಲ್ ನಿಯಮಗಳ ಪ್ರಕಾರ, ಕೆಳಗಿನ ನ್ಯಾಯಾಧೀಶನು ಸಂಗತಿಗಳ ವಿಷಯದಲ್ಲಿ ಮಾಡಿದ ನಿರ್ಣಯವು ‘ಸ್ಪಷ್ಟವಾಗಿ ತಪ್ಪಾಗಿದ್ದ’ ಹೊರತು ಮೇಲಿನ ನ್ಯಾಯಾಲಯವು ಅದನ್ನು ತಳ್ಳಿಹಾಕಕೂಡದು. ಹಾಗೆಂದರೆ ಏನು? ೧೯೪೮ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ವಿವರಿಸಿತು: ನಿರ್ಣಯಕ್ಕೆ ಸಾಕ್ಷ್ಯವಿದ್ದರೂ, ಸಾಕ್ಷ್ಯವೆಲ್ಲವನ್ನೂ ನೋಡಿದ ಮೇಲೆ ತಪ್ಪು ನಡೆದಿದೆಯೆಂಬ ದೃಢವಾದ ನಂಬಿಕೆ ಮೇಲಿನ ನ್ಯಾಯಾಲಯಕ್ಕೆ ಉಂಟಾದರೆ ಆ ನಿರ್ಣಯ ಸ್ಪಷ್ಟವಾಗಿ ತಪ್ಪು. ಯಾರಿಗೆ ಸ್ಪಷ್ಟವಾಗಬೇಕು, ಏನನ್ನು ನೋಡಿದ ಮೇಲೆ ಸ್ಪಷ್ಟವಾಗಬೇಕು ಎಂಬ ಎರಡನ್ನೂ ನ್ಯಾಯಾಲಯವು ಹೇಳಬೇಕಾಯಿತು.

೨೦೦೮ರಲ್ಲಿ ಅಮೆರಿಕದ ಇಬ್ಬರು ವಿದ್ವಾಂಸರು ಮೇಲ್ಮನವಿಯ ವಾದಪತ್ರಗಳಲ್ಲಿ ‘ಕ್ಲಿಯರ್ಲಿ’ಯಂಥ ಒತ್ತಿನ ಪದಗಳನ್ನು ಎಣಿಸಿ ಒಂದು ಪ್ರಬಂಧ ಪ್ರಕಟಿಸಿದರು. ಮೇಲ್ಮನವಿ ಹೂಡಿದವರು ಇಂಥ ಪದಗಳನ್ನು ವಿಪರೀತವಾಗಿ ಬಳಸಿದ ಕಡೆ ಅವರು ಸೋಲುವುದು ಹೆಚ್ಚಾಗಿ ಕಂಡುಬಂದಿತು. ಪದವೇ ಸೋಲಿಗೆ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ದುರ್ಬಲವಾದ ವಾದಕ್ಕೆ ಇಂಥ ಊರುಗೋಲು ಹೆಚ್ಚು ಬೇಕಾಗುವುದೂ ಇರಬಹುದು. ಸಾಕ್ಷ್ಯವಿದ್ದಲ್ಲಿ ಈ ಪದ ಬೇಕಿಲ್ಲ. ಸಾಕ್ಷ್ಯವಿಲ್ಲದಲ್ಲಿ ಅದು ಸಾಕ್ಷ್ಯದ ಸ್ಥಾನವನ್ನು ತುಂಬಲಾರದು.

ಕಚೇರಿಗಳ ಭಾಷೆಯ ವಿಷಯದಲ್ಲಿಯೂ ಜನ ಎಚ್ಚೆತ್ತರು. ೧೯೪೮ರಲ್ಲಿ ಸರ್ ಅರ್ನೆಸ್ಟ್ ಗವರ್ಸ್ ಅವರು ಬ್ರಿಟಿಷ್ ಅಧಿಕಾರಿಗಳಿಗಾಗಿ ಸರಳ ಬರವಣಿಗೆಯ ಪುಸ್ತಕವೊಂದನ್ನು ಬರೆದರು. ೧೯೭೯ರಲ್ಲಿ ಲಿವರ್‌ಪೂಲ್ ನಗರದ ಕ್ರಿಸ್ಸಿ ಮೇಹರ್ ಎಂಬ ಮಹಿಳೆ, ಹದಿಹರೆಯದಲ್ಲಿ ಓದಲು ಕಲಿತವರು, ಲಂಡನ್ನಿನ ಪಾರ್ಲಿಮೆಂಟ್ ಚೌಕದಲ್ಲಿ ಸರಕಾರಿ ನಮೂನೆಗಳನ್ನು ಬಹಿರಂಗವಾಗಿ ಚೂರುಚೂರು ಮಾಡಿ ಸರಳ ಇಂಗ್ಲಿಷಿನ ಚಳವಳಿಯನ್ನು ಆರಂಭಿಸಿದರು. ಅಮೆರಿಕದಲ್ಲಿ ೨೦೧೦ರಲ್ಲಿ, ಸರಕಾರದ ಇಲಾಖೆಗಳು ಸಾರ್ವಜನಿಕರಿಗೆ ತಿಳಿಯುವಂತೆ ಬರೆಯಬೇಕೆಂದು ಕಾನೂನೇ ಆಯಿತು. ೧೩೬೨ರ ಶಾಸನದಲ್ಲಿದ್ದ ಪ್ರಶ್ನೆಯೇ ಆರುನೂರು ವರ್ಷಗಳ ಮೇಲೆ ಮತ್ತೆ ಎದ್ದು ನಿಂತಿತು. ಆಗ ಫ್ರೆಂಚ್ ಅಡ್ಡವಾಗಿತ್ತು. ಈಗ ಇಂಗ್ಲಿಷೇ ಇಂಗ್ಲಿಷರಿಗೆ ಅಡ್ಡವಾಗಿತ್ತು.

ನಮ್ಮ ತರಗತಿಯಲ್ಲಿ

ಈ ಚರಿತ್ರೆಯಿಂದ ಗಡಿಯ ಕನ್ನಡ ಶಾಲೆಗಳಿಗೆ ಏನು ಪ್ರಯೋಜನವೆಂದು ಕೇಳಬಹುದು. ನಮ್ಮ ಶಾಲೆಗಳ ಮಕ್ಕಳಲ್ಲಿ ಕೆಲವರು ಮನೆಯಲ್ಲಿ ತುಳು ಆಡುತ್ತಾರೆ, ಕೆಲವರು ಬಡಗ, ಕೆಲವರು ತೆಲುಗು, ಮರಾಠಿ, ಮಲಯಾಳ. ಶಾಲೆಯಲ್ಲಿ ಗ್ರಂಥಸ್ಥ ಕನ್ನಡ. ಕಚೇರಿಯಿಂದ ಬರುವ ಕಾಗದ ರಾಜ್ಯಭಾಷೆಯಲ್ಲಿ. ಮೇಲಿನ ತರಗತಿಗೆ ಹೋದಂತೆ ಇಂಗ್ಲಿಷ್. ಇಷ್ಟು ನುಡಿಗಳ ನಡುವೆ ನಿಂತ ಮಗುವಿಗೆ ನಾವು ಲೆಕ್ಕದ ಎರಡು ಹಂತಗಳನ್ನು ಬಿಟ್ಟು ‘ಇದು ಸ್ಪಷ್ಟ’ ಎಂದರೆ ಅದು ಏನು ಮಾಡುತ್ತದೆ? ಬೌಡಿಚ್ಚನಿಗೆ ಗಂಟೆಗಟ್ಟಲೆ ಹೊತ್ತೂ ಹಟವೂ ಇದ್ದವು. ಎಂಟು ವರ್ಷದ ಮಗುವಿಗೆ ಅವಿಲ್ಲ. ಗುರುಗಳಿಗೆ ಸ್ಪಷ್ಟವಾದುದು ತನಗೆ ಆಗಲಿಲ್ಲವಾದ್ದರಿಂದ ತನ್ನ ತಲೆಯಲ್ಲಿಯೇ ಕೊರತೆಯಿದೆ ಎಂದು ಅದು ತಿಳಿಯುತ್ತದೆ, ಸುಮ್ಮನಾಗುತ್ತದೆ. ಮ್ಲಾನಮುಖದ ಆ ಮಗುವನ್ನು ಕಂಡ ತಂದೆತಾಯಿಗಳು ಕನ್ನಡ ಮಾಧ್ಯಮದಲ್ಲಿ ಓದಿಸಿದ್ದೇ ತಪ್ಪಾಯಿತೆಂದು ಮುಂದಿನ ವರ್ಷ ಬೇರೆ ಶಾಲೆಗೆ ಸೇರಿಸುತ್ತಾರೆ. ಇದು ಅಲ್ಪ ನಷ್ಟವಲ್ಲ.

೧೯೫೬ರಲ್ಲಿ ಸಂವಿಧಾನಕ್ಕೆ ಸೇರಿಸಲಾದ ೩೫೦–ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಶಿಕ್ಷಣ ಕೊಡುವ ಸಾಕಷ್ಟು ಅನುಕೂಲಗಳನ್ನು ಏರ್ಪಡಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸತಕ್ಕದ್ದೆಂದು ಹೇಳುತ್ತದೆ. ಮಗುವಿಗೆ ತಿಳಿಯುವ ನುಡಿಯಲ್ಲಿ ಪಾಠ ನಡೆಯಲಿ ಎಂಬುದೇ ಅದರ ಹುರುಳು. ಶಾಲೆಯನ್ನೂ ಪುಸ್ತಕವನ್ನೂ ವಿಧಿಯ ಬಲದಿಂದ ಕೇಳಿ ಪಡೆಯಬಹುದು. ತಿಳಿಯುವಂತೆ ಮಾಡುವ ಕೆಲಸವನ್ನು ಯಾವ ವಿಧಿಯೂ ಮಾಡಿಕೊಡಲಾರದು; ಅದು ನಮ್ಮ ಪಾಲಿನದು.

ಆದುದರಿಂದ ನಮ್ಮ ಸೂಚನೆಗಳು ಇಷ್ಟು. ‘ಕ್ಲಿಯರ್ಲಿ’ ಪದವನ್ನು ಕಲಿಸುವಾಗ ಅದರ ಎರಡು ಕೆಲಸಗಳನ್ನೂ ವಾಕ್ಯಗಳ ಮೂಲಕ ಬೇರೆಬೇರೆಯಾಗಿ ತೋರಿಸಬೇಕು, ನಿಷೇಧವಾಕ್ಯದಿಂದ ಪರೀಕ್ಷಿಸಬೇಕು. ಪಾಠ ಹೇಳುವಾಗ ‘ಇದು ಸ್ಪಷ್ಟ’ ಎಂಬ ಮಾತು ನಾಲಗೆಗೆ ಬಂದರೆ, ಅಲ್ಲಿ ಯಾವುದಾದರೂ ಹಂತ ಬಿಟ್ಟುಹೋಗಿದೆಯೇ ಎಂದು ನೋಡಿಕೊಳ್ಳಬೇಕು. ‘ತಿಳಿಯಿತೇ?’ ಎಂದು ಇಡೀ ತರಗತಿಯನ್ನು ಕೇಳಿದರೆ ‘ತಿಳಿಯಿತು ಸಾರ್’ ಎಂಬ ಒಕ್ಕೊರಲಿನ ಉತ್ತರ ಬರುವುದು ಎಲ್ಲರ ಅನುಭವ. ಅದರ ಬದಲು ಒಂದು ಮಗುವನ್ನು ಎಬ್ಬಿಸಿ, ಪಾಠವನ್ನು ಅದರ ಮನೆಮಾತಿನ ಬೆರಕೆಯಲ್ಲಾದರೂ ಸರಿಯೆ, ತನ್ನ ಮಾತಿನಲ್ಲಿ ಹೇಳಿಸಬೇಕು. ಕಲಕಿದ ನೀರು ತಿಳಿಯಾಗುವುದಕ್ಕೆ ಹೊತ್ತು ಬೇಕು. ಅಷ್ಟು ಹೊತ್ತನ್ನು ನಾವು ಕೊಡಬೇಕು.

ಕೊನೆಯದಾಗಿ ಒಂದು ಬಿನ್ನಹ. ಸ್ಪಷ್ಟವಾಗಿ ಹೇಳುವುದಕ್ಕೆ ಒಡೆದು ಹೇಳು, ಬಿಡಿಸಿ ಹೇಳು, ತಿಳಿ ಹೇಳು ಎಂಬಂತೆ ಒಂದೊಂದು ಸೀಮೆಯ ಕನ್ನಡದಲ್ಲಿ ಒಂದೊಂದು ಮಾತಿರುತ್ತದೆ. ಇಂಗ್ಲಿಷರು ತಮ್ಮ ‘ಸ್ವೆಯೊತೊಲೆ’ಯನ್ನು ಕಳೆದುಕೊಂಡಂತೆ ನಾವು ಅವುಗಳನ್ನು ಕಳೆದುಕೊಳ್ಳಬಾರದು. ಹೊಸೂರು, ತಾಳವಾಡಿ, ಅಕ್ಕಲಕೋಟೆ, ಜತ್ತ, ಮಡಕಶಿರಾ ಮೊದಲಾದ ಕಡೆಗಳ ಉಪಾಧ್ಯಾಯ ಮಿತ್ರರೂ ವಿದ್ಯಾರ್ಥಿಗಳೂ ತಮ್ಮ ಊರಿನ ಹಿರಿಯರಿಂದ ಇಂಥ ಮಾತುಗಳನ್ನು ಕೇಳಿ ಬರೆದು, ಬಳಸುವ ಸಂದರ್ಭದೊಡನೆ ಈ ಪತ್ರಿಕೆಗೆ ಕಳುಹಿಸಿದರೆ ಎಲ್ಲರಿಗೂ ಉಪಕಾರವಾಗುವುದು. ಬರೆಯುವಾಗ ಅಕ್ಷರಗಳು ಮಾತ್ರ ದಯವಿಟ್ಟು ಸ್ಪಷ್ಟವಾಗಿರಲಿ. ಸೈಕ್ಲೋಸ್ಟೈಲ್ ಕಾಗದಕ್ಕೆ ಮೊಳೆ ಹಿಡಿದು ಬರೆಯುವವರಿಗೆ ಅವು ತಿಳಿಯಬೇಕು.